ಹಾರ್ನಡಿ ಓಎಎಲ್ ಗೇಜ್: ಗುಂಡನ್ನು ಎಷ್ಟು ಆಳಕ್ಕೆ ಕೂರಿಸಬೇಕು ಅಂತ ತಿಳಿಯಲು ನಾನು ಬಳಸುವ ಸಾಧನ

ಹಾರ್ನಡಿಯವರ ಲಾಕ್-ಎನ್-ಲೋಡ್ ಓಎಎಲ್ (ತೋಟಾದ ಒಟ್ಟು ಉದ್ದ) ಗೇಜ್ ತಗೋಬೇಕಾ ಬೇಡವಾ ಅಂತ ಹೊಸದಾಗಿ ರೀಲೋಡಿಂಗ್, ಅಂದರೆ ಖಾಲಿ ಕೇಸಿಗೆ ಮತ್ತೆ ಮದ್ದು ಗುಂಡು ತುಂಬಿ ತೋಟಾ ಮಾಡುವುದನ್ನು, ಶುರು ಮಾಡಿದ ಗೆಳೆಯರು ಕೇಳುತ್ತಿರುತ್ತಾರೆ. ತಗೊಳ್ಳಿ. ಆದರೆ ಅದೊಂದನ್ನೇ ತಗೋಬೇಡಿ, ಜೊತೆಗೆ ಬುಲೆಟ್ ಕಂಪ್ಯಾರೇಟರ್, ಅಂದರೆ ತೋಟಾದ ತಳದಿಂದ ಗುಂಡಿನ ಬಾಗಿನವರೆಗೆ ಅಳೆಯಲು ಕ್ಯಾಲಿಪರಿಗೆ ಹಾಕುವ ತುಂಡು, ಇರಲೇಬೇಕು. ಎರಡರಲ್ಲಿ ಒಂದಕ್ಕೆ ಮಾತ್ರ ದುಡ್ಡಿದ್ದರೆ ಮೊದಲು ಕಂಪ್ಯಾರೇಟರ್ ಬರಲಿ, ಗೇಜ್ ಆಮೇಲೆ. ಈ ಗೇಜ್ ಕೊಡುವುದು ಒಂದೇ ಒಂದು ಅಂಕಿ: ತೋಟಾ ಎಷ್ಟು ಉದ್ದವಿದ್ದರೆ ಗುಂಡು ನಳಿಗೆಯೊಳಗಿನ ಏಣುಗಳಿಗೆ ತಾಗುತ್ತದೆ ಅನ್ನುವುದು. ಆ ಅಂಕಿಗೆ ಬೆಲೆ ಬರುವುದು ಗೇಜ್ ಹಿಡಿದ ಕೈ ಹದವಾಗಿದ್ದರೆ, ಮತ್ತು ಆ ಅಂಕಿ ಯಾವುದಕ್ಕೆ ಸೇರಿದ್ದು ಅಂತ ನಮಗೆ ಗೊತ್ತಿದ್ದರೆ ಮಾತ್ರ.

ನಾನಿರುವುದು ಅರಿಜೋನಾದ ಚಾಂಡ್ಲರ್‌ನಲ್ಲಿ. ಗುರಿ ಹೊಡೆಯಲು ಹೋಗುವುದು ಫೀನಿಕ್ಸಿನ ಉತ್ತರಕ್ಕಿರುವ ಬೆನ್ ಏವರಿ ರೇಂಜಿಗೆ. ನನ್ನ ರೈಫಲ್ ಟಿಕ್ಕಾ ಟಿ3ಎಕ್ಸ್, ಬೋಲ್ಟ್ ಆ್ಯಕ್ಷನ್, ಕ್ಯಾಲಿಬರ್ 6.5 ಕ್ರೀಡ್‌ಮೂರ್. ಅಮೆರಿಕಕ್ಕೆ ಬರುವ ಮೊದಲು ಪೀಣ್ಯದ ಒಂದು ಟೂಲ್ ರೂಮಿನಲ್ಲಿ ಕೆಲಸ ಮಾಡಿದವನು ನಾನು. ಆದ್ದರಿಂದ ಮೈಕ್ರೋಮೀಟರ್, ವರ್ನಿಯರ್, ಡಯಲ್ ಗೇಜ್ ಎಲ್ಲ ಕೈಗೆ ಒಗ್ಗಿದವು. ಅಲ್ಲಿ ಇಂಚಿನ ಸಾವಿರದ ಒಂದು ಭಾಗಕ್ಕೆ ಎಲ್ಲರೂ ಥೌ ಅನ್ನುತ್ತಿದ್ದರು. ಇಲ್ಲಿ ರೀಲೋಡಿಂಗ್ ಮಾಡುವವರೂ ಅದನ್ನೇ ಅನ್ನುತ್ತಾರೆ, ನಾನೂ ಇಲ್ಲಿ ಹಾಗೇ ಬರೆಯುತ್ತೇನೆ. ಒಂದು ಥೌ ಅಂದರೆ 0.0254 ಮಿಲಿಮೀಟರ್.

ವಿಷಯಕ್ಕೆ ಹೊಸಬರಾದವರಿಗೆ ಸ್ವಲ್ಪ ಹಿನ್ನೆಲೆ. ರೈಫಲ್ ತೋಟಾದಲ್ಲಿ ಹಿತ್ತಾಳೆ ಕೇಸು, ಅದರ ತಳದಲ್ಲಿ ಪ್ರೈಮರ್, ಒಳಗೆ ಮದ್ದು, ಬಾಯಲ್ಲಿ ಗುಂಡು. ಗುಂಡನ್ನು ಕೇಸಿನ ಕುತ್ತಿಗೆಯೊಳಗೆ ಎಷ್ಟು ಒತ್ತಿ ಕೂರಿಸುತ್ತೀರಿ ಅನ್ನುವುದೇ ಸೀಟಿಂಗ್ ಡೆಪ್ತ್. ಗುಂಡು ಹಾರಿದಾಗ ಮೊದಲು ಒಂದು ಸಣ್ಣ ಅಂತರ ಸುಮ್ಮನೆ ಮುಂದೆ ಸರಿಯುತ್ತದೆ, ಆಮೇಲೆ ನಳಿಗೆಯ ಒಳಗೆ ಸುರುಳಿಯಾಗಿ ಕೊರೆದ ರೈಫ್ಲಿಂಗಿನ ಏಣುಗಳಿಗೆ ತಾಗಿ ಕಚ್ಚಿಕೊಳ್ಳುತ್ತದೆ. ಆ ಏಣುಗಳೇ ಲ್ಯಾಂಡ್ಸ್. ತಾಗುವ ಮೊದಲು ಸರಿಯುವ ದೂರಕ್ಕೆ ಜಂಪ್ ಅನ್ನುತ್ತಾರೆ. ಗುಂಡು ಲ್ಯಾಂಡ್ಸಿಗೆ ನೇರವಾಗಿ, ಪ್ರತಿ ಸಲವೂ ಒಂದೇ ರೀತಿಯಲ್ಲಿ ಹೊಕ್ಕರೆ ಗುರಿ ಕೂಡಿ ಬರುತ್ತದೆ. ಹತ್ತಿಪ್ಪತ್ತು ಥೌ ವ್ಯತ್ಯಾಸಕ್ಕೆ ಗ್ರೂಪು, ಅಂದರೆ ಗುರಿಯ ಮೇಲೆ ಗುಂಡುಗಳು ಬಿದ್ದ ಗುಂಪು, ಅಗಲವಾಗುವ ರೈಫಲ್‌ಗಳಿವೆ, ಏನೂ ಆಗದವೂ ಇವೆ. ನಿಮ್ಮದು ಯಾವ ಜಾತಿಯದು ಅಂತ ತಿಳಿಯಬೇಕಾದರೆ ಮೊದಲು ಲ್ಯಾಂಡ್ಸ್ ಎಲ್ಲಿದೆ ಅಂತ ಗೊತ್ತಾಗಬೇಕು.

ಊರ ಕಡೆ ಕೇಪಿನ ಕೋವಿ ಈಡು ಮಾಡಿದವರಿಗೆ ಇದು ತೀರಾ ಹೊಸ ಮಾತಲ್ಲ. ಮದ್ದು ಸುರಿದು, ನಾರು ತುರುಕಿ, ಗುಂಡೋ ಚರೆಯೋ ಹಾಕಿ, ಗಜದಿಂದ ಜಡಿದ ಮೇಲೆ ಗಜ ನಳಿಗೆಯಿಂದ ಎಷ್ಟು ಹೊರಗೆ ಉಳಿದಿದೆ ಅಂತ ಹಿರಿಯರು ನೋಡಿಯೇ ನೋಡುತ್ತಿದ್ದರು. ಗುಂಡು ಮದ್ದಿನವರೆಗೆ ಇಳಿಯದೆ ಮಧ್ಯೆ ಟೊಳ್ಳು ಉಳಿದರೆ ನಳಿಗೆಗೇ ಅಪಾಯ. ಆಳ ನೋಡದೆ ಕೇಪು ಇಡಬಾರದು ಅನ್ನುವ ಶಿಸ್ತು ಅಲ್ಲಿಂದಲೇ ನನಗೆ ಬಂದದ್ದು.

ಗಾಡಿ ಎಡವುವ ಮೊದಲ ಜಾಗ ಅಂದರೆ ಅಳತೆಯನ್ನು ಎಲ್ಲಿಂದ ತೆಗೆಯಬೇಕು ಅನ್ನುವುದು. ಮ್ಯಾನ್ಯುವಲ್‌ನಲ್ಲಿ ಕೊಡುವ ಒಟ್ಟು ಉದ್ದ ಕೇಸಿನ ತಳದಿಂದ ಗುಂಡಿನ ಮೂತಿಯವರೆಗಿನದು. 6.5 ಕ್ರೀಡ್‌ಮೂರ್‌ಗೆ ಅಮೆರಿಕದ ತೋಟಾ ಮಾನದಂಡದ ಸಂಸ್ಥೆ ಸ್ಯಾಮಿ ಹಾಕಿರುವ ಗರಿಷ್ಠ ಉದ್ದ 2.825 ಇಂಚು, .308 ವಿಂಚೆಸ್ಟರ್‌ಗೆ 2.810. ತೋಟಾ ಮ್ಯಾಗಜೀನಿಗೆ ಹಿಡಿಯುತ್ತದಾ ಅಂತ ನೋಡಲು ಈ ಅಳತೆ ಬೇಕು. ಆದರೆ ಲ್ಯಾಂಡ್ಸಿಗೆ ತಾಗುವುದು ಮೂತಿಯಲ್ಲ. 6.5 ಗುಂಡಿನ ಪೂರ್ತಿ ವ್ಯಾಸ 0.264 ಇಂಚು, ಲ್ಯಾಂಡ್ಸ್ ನಡುವಿನ ವ್ಯಾಸ 0.256. ಅಂದರೆ ಮೂತಿಯಿಂದ ಹಿಂದಕ್ಕೆ ದಪ್ಪವಾಗುತ್ತಾ ಬರುವ ಗುಂಡಿನ ಬಾಗು, ಅದೇ ಓಜೈವ್, ಸುಮಾರು 0.256 ದಪ್ಪಕ್ಕೆ ಬಂದ ಕಡೆ ತಾಗುತ್ತದೆ. ಮೂತಿ ಅಲ್ಲಿಂದ ಬಹಳ ಮುಂದಿದೆ. ಟೊಳ್ಳು ಮೂತಿಯ ಮ್ಯಾಚ್ ಗುಂಡಿನ ಡಬ್ಬಿಯೊಂದನ್ನು ತೆಗೆದು ಮೂತಿಗಳನ್ನು ಬೆಳಕಿಗೆ ಹಿಡಿದು ನೋಡಿ, ಒಂದರ ಬಾಯಿ ಸಪಾಟು, ಇನ್ನೊಂದರದು ಓರೆ, ಮತ್ತೊಂದರದು ಮುಳ್ಳು ಮುಳ್ಳು. ನಾನು ಒಂದೇ ಡೈನಲ್ಲಿ (ಗುಂಡನ್ನು ಕೇಸಿಗೆ ಒತ್ತಿ ಕೂರಿಸುವ ಅಚ್ಚು), ಸೆಟ್ಟಿಂಗ್ ಮುಟ್ಟದೆ ಕೂರಿಸಿದ ತೋಟಾಗಳಲ್ಲಿ ಮೂತಿಯವರೆಗಿನ ಉದ್ದ ಎಂಟು ಥೌವರೆಗೆ ಹರಡಿತ್ತು. ಅದೇ ತೋಟಾಗಳನ್ನು ಓಜೈವ್‌ವರೆಗೆ ಅಳೆದರೆ ವ್ಯತ್ಯಾಸ ಎರಡು ಥೌ ಒಳಗೆ. ಡೈ ಸರಿಯಾಗಿಯೇ ಕೆಲಸ ಮಾಡುತ್ತಿತ್ತು, ನೋಡುವ ಜಾಗ ಬದಲಾಗಬೇಕಿತ್ತು.

ಆದ್ದರಿಂದಲೇ ಕಂಪ್ಯಾರೇಟರ್ ಮೊದಲು ಅಂದದ್ದು. ಕೆಂಪು ಬಣ್ಣದ ಅಲ್ಯೂಮಿನಿಯಂ ತುಂಡೊಂದು ಕ್ಯಾಲಿಪರಿನ ದವಡೆಗೆ ಸ್ಕ್ರೂ ಹಾಕಿ ಕೂರುತ್ತದೆ. ಅದರೊಳಗೆ ನಿಮ್ಮ ಕ್ಯಾಲಿಬರಿನ ತೂತಿರುವ ಸಣ್ಣ ಇನ್ಸರ್ಟ್. ತೋಟಾದ ತಳ ಒಂದು ದವಡೆಗೆ, ಗುಂಡಿನ ಬಾಗು ಆ ತೂತಿನ ಅಂಚಿಗೆ ತಾಗಿಸಿ ಅಳೆಯುವುದು. ದವಡೆ ಮುಚ್ಚಿ ಕಂಪ್ಯಾರೇಟರ್ ಸಮೇತ ಸೊನ್ನೆ ಮಾಡಿಕೊಂಡರೆ ನೇರ ಓದು ಸಿಗುತ್ತದೆ. ಇದರಲ್ಲಿ ಗಮನ ಕೊಡಬೇಕಾದ್ದು ಒಂದೇ: ಆ ತುಂಡು ದವಡೆಗೆ ಚೌಕವಾಗಿ ಕೂತಿರಬೇಕು. ಸ್ಕ್ರೂ ಬಿಗಿಯುವಾಗ ಕಣ್ಣಿಗೆ ಕಾಣದಷ್ಟು ವಾಲಿದರೂ ಅಳತೆ ಓಡುತ್ತದೆ. ನಾನು ಅರ್ಧ ಬಿಗಿದು, ದವಡೆ ಮುಚ್ಚಿ ಅದುಮಿ, ಆಮೇಲೆ ಪೂರ್ತಿ ಬಿಗಿಯುತ್ತೇನೆ.

ಈಗ ಗೇಜಿನ ವಿಷಯ. ಹಾರ್ನಡಿ ಅಂದರೆ ಜಾಯ್ಸ್ ಹಾರ್ನಡಿ 1949ರಲ್ಲಿ ನೆಬ್ರಾಸ್ಕಾದ ಗ್ರ್ಯಾಂಡ್ ಐಲೆಂಡಿನಲ್ಲಿ ಶುರು ಮಾಡಿದ ಗುಂಡಿನ ಕಂಪನಿ. 6.5 ಕ್ರೀಡ್‌ಮೂರ್ ತೋಟಾವನ್ನು 2007ರಲ್ಲಿ ಹೊರತಂದವರೂ ಅವರೇ. ಗೇಜ್ ಮಾತ್ರ ಅವರು ಹುಟ್ಟಿಸಿದ್ದಲ್ಲ, ಮೊದಲು ಸ್ಟೋನಿ ಪಾಯಿಂಟ್ ಹೆಸರಿನಲ್ಲಿ ಬರುತ್ತಿದ್ದದ್ದನ್ನು ಅವರು ಕೊಂಡುಕೊಂಡರು. ಹಳೆಯ ಶೂಟರ್‌ಗಳು ಇವತ್ತಿಗೂ ಅದನ್ನು ಸ್ಟೋನಿ ಪಾಯಿಂಟ್ ಅಂತಲೇ ಕರೆಯುತ್ತಾರೆ. ಎರಡು ರೂಪದಲ್ಲಿ ಸಿಗುತ್ತದೆ. ಬೋಲ್ಟ್ (ತೋಟಾವನ್ನು ಒಳಗೆ ತಳ್ಳಿ ಮುಚ್ಚುವ ಅಗುಳಿ) ಹಿಂದಕ್ಕೆ ಪೂರ್ತಿ ಹೊರಬರುವ ರೈಫಲ್‌ಗಳಿಗೆ ನೇರ ಗೇಜ್. ಲಿವರ್, ಪಂಪ್, ಸೆಮಿ ಆಟೋಗಳಿಗೆ ಬಾಗಿದ ಗೇಜ್, ಅದರ ಒಳಗಿನ ಕಡ್ಡಿ ಬಳುಕುತ್ತದೆ. ನನ್ನದು ನೇರದ್ದು.

ಕಟ್ಟುವಿಕೆ ಸರಳ. ಒಂದು ಅಲ್ಯೂಮಿನಿಯಂ ಕೊಳವೆ, ಒಳಗೊಂದು ತಳ್ಳುವ ಕಡ್ಡಿ, ಕಡ್ಡಿಯನ್ನು ಹಿಡಿದು ನಿಲ್ಲಿಸಲು ಪಕ್ಕದಲ್ಲೊಂದು ಬೆರಳ ಸ್ಕ್ರೂ. ಕೊಳವೆಯ ತುದಿಗೆ ಮಾಡಿಫೈಡ್ ಕೇಸ್ ಅನ್ನುವುದನ್ನು ತಿರುಗಿಸಿ ಕೂರಿಸಬೇಕು. ಅದು ನಿಮ್ಮ ಕ್ಯಾಲಿಬರಿನದೇ ಕೇಸು, ಪ್ರೈಮರ್ ಇರುವ ಜಾಗದಲ್ಲಿ ತೂತು ಕೊರೆದು 5/16-36 ಥ್ರೆಡ್ ಹಾಕಿರುತ್ತಾರೆ, ಕುತ್ತಿಗೆಯಲ್ಲಿ ಗುಂಡು ಸಲೀಸಾಗಿ ಜಾರುವಷ್ಟು ಸಡಿಲ ಬಿಟ್ಟಿರುತ್ತಾರೆ. ಈ ಕೇಸು ಗೇಜಿನ ಜೊತೆ ಬರುವುದಿಲ್ಲ, ಪ್ರತಿ ಕ್ಯಾಲಿಬರಿಗೂ ಬೇರೆ ಕೊಳ್ಳಬೇಕು. ಹೊಸಬರು ಗೇಜ್ ತರಿಸಿಕೊಂಡು ಡಬ್ಬಿ ತೆರೆದಾಗ ಕೆಲಸ ಶುರು ಮಾಡಲು ಆಗದೆ ಕೂರುವುದು ಇದರಿಂದಲೇ. ಆರ್ಡರ್ ಮಾಡುವಾಗಲೇ ಕೇಸನ್ನೂ ಸೇರಿಸಿ. ಗೇಜ್, ಕಂಪ್ಯಾರೇಟರ್, ಒಂದು ಕೇಸು ಎಲ್ಲ ಸೇರಿ ನೂರು ಡಾಲರ್ ಆಸುಪಾಸು ಅಂತ ಇಟ್ಟುಕೊಳ್ಳಿ. ಕ್ಯಾಲಿಪರ್ ಬೇರೆ.

ಬಳಸುವುದು ಹೀಗೆ. ರೈಫಲ್ ಖಾಲಿ ಇದೆ ಅಂತ ಕಣ್ಣಿಂದಲೂ ಬೆರಳಿಂದಲೂ ಖಚಿತ ಮಾಡಿಕೊಳ್ಳಿ, ಮದ್ದು ತೋಟಾ ಯಾವುದೂ ಆ ಮೇಜಿನ ಮೇಲಿರಬಾರದು. ಬೋಲ್ಟ್ ತೆಗೆಯಿರಿ. ಚೇಂಬರ್, ಅಂದರೆ ತೋಟಾ ಕೂರುವ ನಳಿಗೆಯ ಹಿಂಭಾಗ, ಒರೆಸಿ; ಕಾರ್ಬನ್ ಪದರ ಅಂಟಿದ್ದರೆ ಅಳತೆ ಅದನ್ನೇ ತೋರಿಸುತ್ತದೆ. ಮಾಡಿಫೈಡ್ ಕೇಸಿನಲ್ಲಿ ಗುಂಡನ್ನು ಒಳಗೆ ಎಳೆದಿಟ್ಟುಕೊಂಡು ಗೇಜನ್ನು ಚೇಂಬರಿಗೆ ತೂರಿಸಿ, ಕೇಸಿನ ಭುಜ (ಕುತ್ತಿಗೆಗೆ ಕಿರಿದಾಗುವ ಇಳಿಜಾರು) ಚೇಂಬರಿನ ಭುಜಕ್ಕೆ ಗಟ್ಟಿಯಾಗಿ ತಾಗುವಂತೆ ಒಂದು ಕೈಯಲ್ಲಿ ಹಿಡಿಯಿರಿ. ಇನ್ನೊಂದು ಕೈಯಿಂದ ಕಡ್ಡಿಯನ್ನು ಮೆಲ್ಲಗೆ ತಳ್ಳಿದರೆ ಗುಂಡು ಮುಂದೆ ಸರಿದು ಲ್ಯಾಂಡ್ಸಿಗೆ ತಾಗಿ ನಿಲ್ಲುತ್ತದೆ. ಸ್ಕ್ರೂ ಬಿಗಿದು ಹೊರಗೆ ತೆಗೆಯಿರಿ. ಎಷ್ಟೋ ಸಲ ಗುಂಡು ಲ್ಯಾಂಡ್ಸಲ್ಲೇ ಉಳಿದುಕೊಳ್ಳುತ್ತದೆ, ಗಾಬರಿ ಬೇಡ, ನಳಿಗೆಯ ಮೂತಿಯಿಂದ ಕ್ಲೀನಿಂಗ್ ರಾಡ್ ಇಳಿಸಿ ಮೆಲ್ಲಗೆ ತಟ್ಟಿದರೆ ಹಿಂದಕ್ಕೆ ಬೀಳುತ್ತದೆ. ಅದನ್ನು ಮತ್ತೆ ಕೇಸಿನೊಳಗೆ ಕಡ್ಡಿಗೆ ಆನಿಸಿಟ್ಟು ಕಂಪ್ಯಾರೇಟರ್ ಹಾಕಿದ ಕ್ಯಾಲಿಪರಿನಲ್ಲಿ ಅಳೆಯಿರಿ. ಕ್ಯಾಲಿಪರಿನ ದವಡೆ ಕೇಸಿನ ತಳಕ್ಕೆ ಸೀದಾ ತಾಗಲಿ ಅಂತ ಗೇಜಿನ ಕೊಳವೆಯಲ್ಲಿ ಒಂದು ಕಡೆ ಕಚ್ಚು ಕೊಟ್ಟಿದ್ದಾರೆ. ತಯಾರಿಸಿದವರು ಯೋಚಿಸಿ ಮಾಡಿದ ಕೆಲಸ ಅದು, ನನಗೆ ಬಹಳ ಇಷ್ಟವಾಯಿತು.

ಗೇಜಿನ ಗುಣವೂ ಮಿತಿಯೂ ಆ ಮೆಲ್ಲಗೆ ಅನ್ನುವ ಪದದಲ್ಲಿವೆ. ಮೈಕ್ರೋಮೀಟರಿನ ತುದಿಯಲ್ಲಿ ರ‍್ಯಾಚೆಟ್ ಇರುತ್ತದಲ್ಲ, ಯಾರು ತಿರುಗಿಸಿದರೂ ಅಷ್ಟೇ ಒತ್ತಡಕ್ಕೆ ಕಟಕಟ ಅಂತ ಜಾರಿಕೊಳ್ಳುತ್ತದೆ, ಅದರಿಂದಲೇ ಹೊಸ ಹುಡುಗನೂ ಹಳೆಯ ಫೋರ್‌ಮನ್ನೂ ಒಂದೇ ಓದು ತೆಗೆಯಬಹುದು. ಈ ಗೇಜಿನಲ್ಲಿ ಅಂಥದ್ದೇನೂ ಇಲ್ಲ. ಕಡ್ಡಿಯನ್ನು ಎಷ್ಟು ಒತ್ತಿದಿರಿ ಅನ್ನುವುದು ಪೂರ್ತಿ ನಿಮ್ಮ ಬೆರಳಿಗೆ ಬಿಟ್ಟದ್ದು. ಲ್ಯಾಂಡ್ಸ್ ಶುರುವಾಗುವ ಜಾಗ ಕಡಿದಾದ ಗೋಡೆಯಲ್ಲ, ಬಹಳ ನಿಧಾನವಾಗಿ ಏರುವ ಇಳಿಜಾರು. ಒಂದೂವರೆ ಡಿಗ್ರಿಯಷ್ಟು ಸಣ್ಣ ಕೋನದ ಇಳಿಜಾರುಗಳು ಸಾಮಾನ್ಯ. ಅದರ ಮೇಲೆ ಬಾಗಿದ ಗುಂಡು ಬಂದು ಕೂರುವಾಗ ಸ್ವಲ್ಪ ಹೆಚ್ಚು ಒತ್ತಿದರೂ ಬೆಣೆ ಹೊಡೆದಂತೆ ಒಳಗೆ ಜಾರುತ್ತದೆ. ಇಬ್ಬರ ಕೈಗಳ ನಡುವೆ ಐದರಿಂದ ಹತ್ತು ಥೌ ವ್ಯತ್ಯಾಸ ಬರುವುದು ಇದರಿಂದ. ಗೇಜ್ ಕೆಲಸಕ್ಕೆ ಬಾರದ್ದು, ಸಲಕ್ಕೊಂದು ಓದು ಕೊಡುತ್ತದೆ ಅಂತ ದೂರುವವರು ಬಹಳ ಮಂದಿ ಇದ್ದಾರೆ. ಅವರಲ್ಲಿ ಹೆಚ್ಚಿನವರು ಕಡ್ಡಿಯನ್ನು ತಳ್ಳುವುದಲ್ಲ, ಅದುಮುತ್ತಿದ್ದಾರೆ ಅಂತ ನನ್ನ ಅನಿಸಿಕೆ.

ಇದಕ್ಕೆ ಒಂದು ಒಳ್ಳೆಯ ಉಪಾಯವಿದೆ, ಕ್ಲಬ್ಬಿನ ಹಿರಿಯರೊಬ್ಬರು ತೋರಿಸಿಕೊಟ್ಟದ್ದು. ಗೇಜ್ ಚೇಂಬರಿನಲ್ಲಿರುವಾಗಲೇ ನಳಿಗೆಯ ಮೂತಿಯಿಂದ ತೆಳ್ಳನೆಯ ಮರದ ಕೋಲೊಂದನ್ನು ಗುಂಡಿನ ಮೂತಿಗೆ ತಾಗುವವರೆಗೆ ಇಳಿಸಬೇಕು. ಹಿಂದಿನಿಂದ ಕಡ್ಡಿ, ಮುಂದಿನಿಂದ ಕೋಲು, ನಡುವೆ ಗುಂಡು. ಕಡ್ಡಿ ಚೂರು ತಳ್ಳಿ, ಕೋಲಿನಿಂದ ಹಿಂದಕ್ಕೆ ತಳ್ಳಿ ನೋಡಿ. ಗುಂಡು ಪುಸಕ್ಕನೆ ಹಿಂದೆ ಬಂದರೆ ಇನ್ನೂ ತಾಗಿಲ್ಲ. ಹಿಡಿದುಕೊಂಡು, ಆಮೇಲೆ ಟಕ್ಕನೆ ಬಿಟ್ಟು ಬಂದರೆ ಹೆಚ್ಚಾಯಿತು. ಇವೆರಡರ ನಡುವೆ, ಹಿಡಿದೂ ಹಿಡಿಯದಂಥ ಜಾಗ ಒಂದಿದೆ. ಬೆರಳು ಅದನ್ನು ಒಮ್ಮೆ ಗುರುತು ಹಿಡಿದರೆ ಮುಗಿಯಿತು. ಆಮೇಲೆ ನನ್ನ ಓದುಗಳು ಒಂದು ಥೌ ಆಚೀಚೆ ಬಿಟ್ಟರೆ ಅಲುಗಲಿಲ್ಲ. ಹಾರ್ನಡಿಯ 140 ಗ್ರೇನ್ (ಗುಂಡಿನ ತೂಕದ ಅಳತೆ) ಇಎಲ್‌ಡಿ ಮ್ಯಾಚ್ ಗುಂಡಿಗೆ ನನ್ನ ಟಿಕ್ಕಾದಲ್ಲಿ ಬಂದ ಅಂಕಿ 2.231 ಇಂಚು.

ಈ 2.231 ನಿಮಗೆ ಉಪಯೋಗವಿಲ್ಲ, ದಯವಿಟ್ಟು ಬರೆದುಕೊಳ್ಳಬೇಡಿ. ಅದು ನನ್ನ ನಳಿಗೆ, ಆ ಗುಂಡು, ನನ್ನ ಇನ್ಸರ್ಟ್, ಈ ಮೂರು ಸೇರಿದಾಗ ಮಾತ್ರ ಅರ್ಥವಿರುವ ಅಂಕಿ. ಕಂಪ್ಯಾರೇಟರ್ ತೂತಿನ ಅಂಚು ಗುಂಡಿಗೆ ತಾಗುವ ಜಾಗವೂ ಲ್ಯಾಂಡ್ಸ್ ತಾಗುವ ಜಾಗವೂ ಕರಾರುವಾಕ್ಕಾಗಿ ಒಂದೇ ಅಲ್ಲ. ಬೇರೆ ಕಂಪನಿಯ ಇನ್ಸರ್ಟ್ ಹಾಕಿದರೆ ಅದೇ ತೋಟಾ ಬೇರೆ ಅಂಕಿ ತೋರಿಸುತ್ತದೆ. ಗುಂಡು ಬದಲಾದರೂ ಹಾಗೆಯೇ. ಸಿಯೆರಾ ಮ್ಯಾಚ್‌ಕಿಂಗ್ ಬಾಗು ಬೇರೆ, ಬರ್ಗರ್ ಹೈಬ್ರಿಡ್ ಬಾಗು ಬೇರೆ, ಒಂದರ ಅಂಕಿಯನ್ನು ಇನ್ನೊಂದಕ್ಕೆ ಹಚ್ಚಿದರೆ ಜಂಪ್ ಲೆಕ್ಕ ತಪ್ಪುತ್ತದೆ. ವಾಟ್ಸಾಪ್‌ನಲ್ಲಿ ಒಬ್ಬರಿಗೊಬ್ಬರು ಈ ಅಳತೆಗಳನ್ನು ಕಳಿಸಿಕೊಳ್ಳುವವರನ್ನು ನೋಡಿದರೆ ನನಗೆ ನಿಜಕ್ಕೂ ಭಯವಾಗುತ್ತದೆ. ಪ್ರತಿ ಗುಂಡಿಗೂ ನಿಮ್ಮ ರೈಫಲ್ಲಿನಲ್ಲೇ ಅಳೆಯಿರಿ. ಅಳೆದ ಗುಂಡನ್ನು ಹೆಸರು ಬರೆದು ಒಂದು ಪುಟ್ಟ ಚೀಲದಲ್ಲಿ ಎತ್ತಿಡಿ. ಮುಂದೆ ಮತ್ತೆ ಅಳೆಯುವಾಗ ಅದೇ ಗುಂಡು ಬೇಕಾಗುತ್ತದೆ.

ಮಾಡಿಫೈಡ್ ಕೇಸಿನ ಬಗ್ಗೆ ಇನ್ನೊಂದು ಮಾತಿದೆ, ಡಬ್ಬಿಯ ಮೇಲಿನ ಸೂಚನೆಯಿಂದ ಇದು ಹೊಳೆಯುವುದಿಲ್ಲ. ಕೊಂಡು ತಂದ ಕೇಸು ನಿಮ್ಮ ಚೇಂಬರಿನಲ್ಲಿ ಹಾರಿದ್ದಲ್ಲ. ಹಾರಿದ ಕೇಸು ಉಬ್ಬಿ ನಿಮ್ಮ ಚೇಂಬರಿನ ಅಚ್ಚಿಗೆ ಬಂದಿರುತ್ತದೆ, ತಳದಿಂದ ಭುಜದವರೆಗಿನ ಅದರ ಉದ್ದ ಕೆಲವು ಥೌ ಹೆಚ್ಚಿರುತ್ತದೆ. ಗೇಜಿನ ಕೇಸು ಭುಜಕ್ಕೆ ಆನಿಕೊಂಡು ನಿಲ್ಲುವುದರಿಂದ, ಅದು ಗಿಡ್ಡವಿದ್ದಷ್ಟೂ ಓದು ಕಡಿಮೆ ಬರುತ್ತದೆ. ನಾಲ್ಕು ಥೌ ಗಿಡ್ಡ ಕೇಸು ಅಂದರೆ ನಾಲ್ಕು ಥೌ ಕಡಿಮೆ ಓದು. ಇದಕ್ಕೆ ಎರಡು ದಾರಿ. ಹೆಡ್‌ಸ್ಪೇಸ್ ಕಂಪ್ಯಾರೇಟರ್ ಇದ್ದರೆ ಎರಡೂ ಕೇಸುಗಳ ಭುಜದ ಅಳತೆ ತೆಗೆದು ವ್ಯತ್ಯಾಸವನ್ನು ಕೂಡಿಸಿಕೊಳ್ಳುವುದು. ಇಲ್ಲದಿದ್ದರೆ ನಿಮ್ಮದೇ ಹಾರಿದ ಕೇಸಿಗೆ ತೂತು ಕೊರೆದು ಥ್ರೆಡ್ ಹಾಕಿಸುವುದು. ನನಗೆ ಟ್ಯಾಪ್ ಹಿಡಿದು ಅಭ್ಯಾಸವಿದ್ದ ಕಾರಣ ಎಲ್ ಸೈಜಿನ ಡ್ರಿಲ್ಲೂ 5/16-36 ಟ್ಯಾಪೂ ತರಿಸಿ ಗ್ಯಾರೇಜಿನಲ್ಲೇ ಮಾಡಿಕೊಂಡೆ. ಹಿತ್ತಾಳೆ ಬೆಣ್ಣೆಯಷ್ಟು ಸಲೀಸು, ಆದರೆ ಕೊರೆಯುವಾಗ ತೂತು ನಟ್ಟನಡುವೆ ನೇರ ಇರಬೇಕು, ಲೇತ್ ಸಿಕ್ಕರೆ ಒಳ್ಳೆಯದು. ಖಾಲಿ ಕೇಸಿನಲ್ಲಿ ಹಾರದ ಪ್ರೈಮರ್ ಉಳಿದಿಲ್ಲ ಅಂತ ನೋಡಿಕೊಂಡೇ ಕೈ ಹಾಕಿ.

ಅಳತೆ ಸಿಕ್ಕಿತು, ಮುಂದೇನು? ಇಲ್ಲೇ ಬಹಳ ಮಂದಿ ಲ್ಯಾಂಡ್ಸಿಗೆ ಹತ್ತಿರ ಹೋದಷ್ಟೂ ಒಳ್ಳೆಯದು ಅನ್ನುವ ಹಳೆಯ ನಂಬಿಕೆಗೆ ಬೀಳುತ್ತಾರೆ. ಬೆಂಚ್‌ರೆಸ್ಟ್ ಶೂಟರ್‌ಗಳು (ರೈಫಲನ್ನು ಮೇಜಿನ ಮೇಲಿಟ್ಟು ಸ್ಪರ್ಧೆಗೆ ಹೊಡೆಯುವವರು) ಗುಂಡನ್ನು ಲ್ಯಾಂಡ್ಸಿಗೆ ಒತ್ತಿಯೇ ಹೊಡೆಯುವುದುಂಟು, ಅವರ ನಳಿಗೆ ಚೇಂಬರ್ ಎಲ್ಲ ಅದಕ್ಕೆಂದೇ ಕಟ್ಟಿದ್ದು. ಅಂಗಡಿಯಲ್ಲಿ ಕೊಂಡ ರೈಫಲ್ಲಿಗೆ ಅದೇ ನಿಯಮ ಇಲ್ಲ. ಬರ್ಗರ್ ಕಂಪನಿಯವರು ತಮ್ಮ ವಿಎಲ್‌ಡಿ (ಗಾಳಿಯ ತಡೆ ಬಹಳ ಕಡಿಮೆಯಾಗುವಂತೆ ರೂಪಿಸಿದ) ಗುಂಡುಗಳಿಗೆ ಕೊಟ್ಟ ಪರೀಕ್ಷೆಯೇ ಇದಕ್ಕೆ ಸಾಕ್ಷಿ. ಬೇಟೆಯ ರೈಫಲ್ಲಿಗೆ ಅವರು ಹೇಳುವ ಜಂಪ್‌ಗಳು 10, 50, 90, 130 ಥೌ. ಎರಡು ಮೂರು ಥೌ ಅಲ್ಲ, ನಲವತ್ತು ಥೌ ಹೆಜ್ಜೆ. ಲ್ಯಾಂಡ್ಸಿನಿಂದ ದೂರದಲ್ಲೂ ಒಳ್ಳೆಯ ಜಾಗ ಇರಬಹುದು, ಅದನ್ನು ಹುಡುಕಲು ದೊಡ್ಡ ಹೆಜ್ಜೆ ಬೇಕು ಅನ್ನುವ ಅನುಭವ ಅದರಲ್ಲಿದೆ. ಫೆಡರಲ್ ಗೋಲ್ಡ್ ಮೆಡಲ್ ಮ್ಯಾಚ್ .308 ತೋಟಾವನ್ನೇ ನೋಡಿ, ಒಳಗಿರುವುದು 168 ಗ್ರೇನ್ ಸಿಯೆರಾ ಮ್ಯಾಚ್‌ಕಿಂಗ್, ಉದ್ದ ಮ್ಯಾಗಜೀನಿಗೆ ಹಿಡಿಯುವಷ್ಟೇ. ಎಷ್ಟೋ ಬಗೆಯ ಚೇಂಬರ್‌ಗಳಲ್ಲಿ, ಬೇರೆ ಬೇರೆ ಜಂಪ್‌ನಲ್ಲಿ, ಆ ತೋಟಾ ಚೆನ್ನಾಗಿಯೇ ಹೊಡೆಯುತ್ತಾ ಬಂದಿದೆ.

ನನ್ನ ಟಿಕ್ಕಾದಲ್ಲಿ 10 ಥೌ ಜಂಪಿಗೆ ನೂರು ಗಜದಲ್ಲಿ ಗ್ರೂಪು ಇಂಚಿನ ಹತ್ತಿರ ಇತ್ತು, ಕೆಲವೊಮ್ಮೆ ಅಡ್ಡಕ್ಕೆ ಹರಡುತ್ತಿತ್ತು. 40 ಥೌಗೆ ಬಂದಾಗ ಮುಕ್ಕಾಲು ಇಂಚಿನ ಒಳಗೆ ಕೂಡಿಕೊಂಡಿತು, 60ರವರೆಗೆ ಹಾಗೇ ನಿಂತಿತು, 80ಕ್ಕೆ ಮತ್ತೆ ಸಡಿಲಾಯಿತು. ಮದ್ದು, ಪ್ರೈಮರ್, ಕೇಸು ಎಲ್ಲ ಒಂದೇ, ಬದಲಿಸಿದ್ದು ಆಳ ಮಾತ್ರ. ಆ ಇಪ್ಪತ್ತು ಥೌ ಅಗಲದ ಪಟ್ಟಿ ಸಿಕ್ಕಿದ್ದೇ ನನಗೆ ಗೇಜ್ ಕೊಟ್ಟ ದೊಡ್ಡ ಲಾಭ. ಒಂದು ಚೂಪು ತುದಿಯ ಮೇಲೆ ನಿಂತ ಲೋಡ್‌ಗಿಂತ (ಲೋಡ್ ಅಂದರೆ ಮದ್ದು, ಗುಂಡು, ಆಳ ಸೇರಿದ ತೋಟಾದ ಹದ) ಅಗಲವಾದ ಪಟ್ಟಿಯಲ್ಲಿ ನಿಂತ ಲೋಡ್ ನನಗೆ ಬೇಕು, ಯಾಕೆಂದರೆ ಲ್ಯಾಂಡ್ಸ್ ನಿಂತ ಜಾಗದಲ್ಲೇ ನಿಲ್ಲುವುದಿಲ್ಲ. ಹೊಡೆಯುತ್ತಾ ಹೋದಂತೆ ಬಿಸಿ ಅನಿಲ ಅಲ್ಲಿನ ಉಕ್ಕನ್ನು ತಿಂದು ಲ್ಯಾಂಡ್ಸ್ ಮುಂದಕ್ಕೆ ಸರಿಯುತ್ತದೆ. ನಾನು ಪಟ್ಟಿಯ ಹತ್ತಿರದ ತುದಿಗೆ, 42 ಥೌ ಜಂಪಿಗೆ ಕೂರಿಸುತ್ತೇನೆ. ನಳಿಗೆ ಸವೆದು ಜಂಪ್ ಹೆಚ್ಚಿದರೂ ಬಹಳ ಕಾಲ ಪಟ್ಟಿಯ ಒಳಗೇ ಇರುತ್ತದೆ, ಪ್ರತಿ ಸಲ ಡೈ ತಿರುಗಿಸುತ್ತಾ ಲ್ಯಾಂಡ್ಸಿನ ಬೆನ್ನು ಹತ್ತುವ ಕೆಲಸ ಇಲ್ಲ.

ಒತ್ತಡದ ವಿಷಯವನ್ನು ಇಲ್ಲಿ ಬಿಡಿಸಿ ಹೇಳಲೇಬೇಕು. ಜಂಪ್ ಇರುವಾಗ ಗುಂಡು ಸ್ವಲ್ಪ ಸರಿದು ವೇಗ ಹಿಡಿದ ಮೇಲೆ ಲ್ಯಾಂಡ್ಸಿಗೆ ಹೊಕ್ಕುತ್ತದೆ. ಲ್ಯಾಂಡ್ಸಿಗೆ ಒತ್ತಿ ಕೂರಿಸಿದರೆ ನಿಂತಲ್ಲಿಂದಲೇ ಕಚ್ಚಿಸಿಕೊಂಡು ಹೊರಡಬೇಕು, ಅದು ಅಲುಗುವಷ್ಟರಲ್ಲಿ ಹಿಂದೆ ಒತ್ತಡ ಏರಿರುತ್ತದೆ. 6.5 ಕ್ರೀಡ್‌ಮೂರ್‌ಗೂ .308ಕ್ಕೂ ಸ್ಯಾಮಿಯ ಗರಿಷ್ಠ ಸರಾಸರಿ ಒತ್ತಡ 62,000 ಪಿಎಸ್‌ಐ. ಜಂಪ್ ಇಟ್ಟು ಆ ಗಡಿಯ ಹತ್ತಿರ ತಂದ ಲೋಡನ್ನು ಹಾಗೇ ಲ್ಯಾಂಡ್ಸಿಗೆ ತಂದರೆ ಗಡಿ ದಾಟಬಹುದು. ತೀರಾ ಆಳಕ್ಕೆ ಕೂರಿಸಿದರೂ ಕೇಸಿನೊಳಗಿನ ಜಾಗ ಕಡಿಮೆಯಾಗಿ ಒತ್ತಡ ಏರಬಹುದು, ಪಿಸ್ತೂಲಿನ ಪುಟ್ಟ ಕೇಸುಗಳಲ್ಲಂತೂ ಅದು ತಟ್ಟನೆ ಏರುತ್ತದೆ. ಆಳ ಬದಲಾದರೆ ಮದ್ದನ್ನು ಪ್ರಕಟಿತ ಮ್ಯಾನ್ಯುವಲ್ಲಿನ ಆರಂಭದ ಪ್ರಮಾಣಕ್ಕೆ ಇಳಿಸಿ ಮತ್ತೆ ಮೆಟ್ಟಿಲೇರಿ. ನಾನಿಲ್ಲಿ ಮದ್ದಿನ ತೂಕ ಬರೆದಿಲ್ಲ, ಬರೆಯುವುದೂ ಇಲ್ಲ, ಅದಕ್ಕೆ ಮ್ಯಾನ್ಯುವಲ್ ಇದೆ. ಬೇಟೆಗೆ ಹೋಗುವವರು ಗುಂಡನ್ನು ಲ್ಯಾಂಡ್ಸಿಗೆ ಒತ್ತುವ ಯೋಚನೆಯನ್ನೇ ಬಿಡಿ. ಹೊಡೆಯದ ತೋಟಾವನ್ನು ಸಂಜೆ ಹೊರತೆಗೆಯುವಾಗ ಗುಂಡು ನಳಿಗೆಯಲ್ಲೇ ಉಳಿದು ಕೇಸು ಮಾತ್ರ ಬಂದರೆ ಮದ್ದೆಲ್ಲ ಆ್ಯಕ್ಷನ್ ಒಳಗೆ ಚೆಲ್ಲುತ್ತದೆ, ನಳಿಗೆ ಕಟ್ಟಿಕೊಂಡಿರುತ್ತದೆ.

ಈ ಗೇಜ್ ಯಾರಿಗೆ ಬೇಡ? ಎಆರ್-15ನಲ್ಲಿ .223 ಹೊಡೆಯುವವರಿಗೆ ಮ್ಯಾಗಜೀನೇ ಉದ್ದ ನಿರ್ಧರಿಸುತ್ತದೆ, 2.260 ಇಂಚಿನ ಆಸುಪಾಸು, ಲ್ಯಾಂಡ್ಸ್ ಎಲ್ಲಿದ್ದರೂ ಅಲ್ಲಿಗೆ ಹೋಗುವಂತಿಲ್ಲ. ಅವರಿಗೆ ಕಂಪ್ಯಾರೇಟರ್ ಸಾಕು. ವೆದರ್‌ಬಿ ಮ್ಯಾಗ್ನಂ ಇಟ್ಟುಕೊಂಡವರಿಗೂ ಹೆಚ್ಚಿನ ಉಪಯೋಗವಿಲ್ಲ. ಆ ಚೇಂಬರ್‌ಗಳಲ್ಲಿ ಫ್ರೀಬೋರ್, ಅಂದರೆ ಲ್ಯಾಂಡ್ಸಿಗೆ ಮೊದಲಿನ ನುಣುಪು ಭಾಗ, ಬೇಕೆಂದೇ ಉದ್ದ ಬಿಟ್ಟಿರುತ್ತಾರೆ, ಲ್ಯಾಂಡ್ಸ್ ಮುಟ್ಟಬೇಕಾದರೆ ಗುಂಡು ಕುತ್ತಿಗೆಯಿಂದ ಹೊರಗೇ ಬಂದುಬಿಡಬಹುದು. ದುಡ್ಡು ಉಳಿಸಬೇಕೆನ್ನುವವರಿಗೆ ಕ್ಲೀನಿಂಗ್ ರಾಡ್ ದಾರಿ ಇದೆ. ಬೋಲ್ಟ್ ಮುಚ್ಚಿ ಮೂತಿಯಿಂದ ರಾಡ್ ಇಳಿಸಿ ಒಂದು ಗೆರೆ, ಗುಂಡನ್ನು ಲ್ಯಾಂಡ್ಸಿಗೆ ಆನಿಸಿ ಇನ್ನೊಂದು ಗೆರೆ, ಎರಡರ ನಡುವಿನ ದೂರವೇ ಒಟ್ಟು ಉದ್ದ. ಕೆಲಸ ಆಗುತ್ತದೆ, ಒರಟು. ಬೋಲ್ಟಿನಿಂದ ಫೈರಿಂಗ್ ಪಿನ್ನೂ ಎಜೆಕ್ಟರೂ ಬಿಚ್ಚಿ, ಹಿಡಿಕೆ ತನ್ನಷ್ಟಕ್ಕೆ ಇಳಿಯುವವರೆಗೆ ಗುಂಡನ್ನು ಚೂರು ಚೂರೇ ಆಳಕ್ಕೆ ಕೂರಿಸುತ್ತಾ ಹೋಗುವ ವಿಧಾನ ಎಲ್ಲಕ್ಕಿಂತ ನಿಖರ. ಗೇಜ್ ಓದನ್ನು ನಾನು ಅದರ ಜೊತೆ ಹೋಲಿಸಿ ನೋಡಿದ್ದೇನೆ, ಎರಡು ಥೌ ಒಳಗೆ ಕೂಡಿಬಂತು. ಪ್ರತಿ ಗುಂಡಿಗೂ ಬೋಲ್ಟ್ ಬಿಚ್ಚುವ ತಾಳ್ಮೆ ಇರುವವರಿಗೆ ಅದೇ ಸಾಕು.

ಡೈ ಬಗ್ಗೆ ಎರಡೇ ಮಾತು. ಗೇಜ್ ಕೊಟ್ಟ ಅಂಕಿಯನ್ನು ತೋಟಾಕ್ಕೆ ಇಳಿಸುವುದು ಸೀಟಿಂಗ್ ಡೈ. ರೆಡಿಂಗ್, ಫಾರ್‌ಸ್ಟರ್ ಕಂಪನಿಗಳ ಮೈಕ್ರೋಮೀಟರ್ ತಲೆಯ ಡೈಗಳಲ್ಲಿ ಒಂದು ಗೆರೆಗೆ ಒಂದು ಥೌ, ಆಳ ಬದಲಿಸಿ ಪರೀಕ್ಷೆ ಮಾಡುವಾಗ ಇದರ ಸುಖ ಗೊತ್ತಾಗುತ್ತದೆ. ಉದ್ದ ಮೂತಿಯ ಗುಂಡಿಗೆ ಒಳಗಿನ ಸ್ಟೆಮ್ (ಗುಂಡನ್ನು ಒತ್ತುವ ಕಡ್ಡಿ) ಹೊಂದುತ್ತದಾ ನೋಡಿ, ಗುಂಡಿನ ಮೇಲೆ ಉಂಗುರದಂಥ ಗೆರೆ ಬೀಳುತ್ತಿದ್ದರೆ ಸ್ಟೆಮ್ ಹೊಂದಿಲ್ಲ ಅಥವಾ ಕುತ್ತಿಗೆ ಹೆಚ್ಚು ಬಿಗಿಯಿದೆ.

ಇಲ್ಲಿರುವ ಕನ್ನಡಿಗರಿಗೆ ಒಂದು ಕಾನೂನಿನ ಮಾತು. ಎಚ್-1ಬಿಯಂಥ ತಾತ್ಕಾಲಿಕ ವೀಸಾದಲ್ಲಿರುವವರಿಗೆ ಅಮೆರಿಕದ ಫೆಡರಲ್ ಕಾನೂನು ಸಾಮಾನ್ಯವಾಗಿ ಬಂದೂಕನ್ನಾಗಲಿ ತೋಟಾವನ್ನಾಗಲಿ ಇಟ್ಟುಕೊಳ್ಳಲು ಬಿಡುವುದಿಲ್ಲ, ಹಂಟಿಂಗ್ ಲೈಸೆನ್ಸ್ ಸೇರಿ ಕೆಲವು ವಿನಾಯಿತಿಗಳಷ್ಟೇ ಇವೆ. ವಕೀಲರನ್ನು ಕೇಳದೆ ಮುಂದುವರಿಯಬೇಡಿ. ಭಾರತದಲ್ಲಿ 1959ರ ಆಯುಧ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ತೋಟಾ ತಯಾರಿಸುವುದು ಅಪರಾಧ, ಆದ್ದರಿಂದ ಊರಿನಲ್ಲಿರುವ ಬಂಧುಗಳಿಗೆ ಈ ಸಾಮಾನು ಒಯ್ದು ಕೊಡುವ ಯೋಚನೆ ಬೇಡ.

ಕೊಳ್ಳುವವರು ಹೀಗೆ ಕೊಳ್ಳಿ: ಬೋಲ್ಟ್ ರೈಫಲ್ಲಿಗೆ ನೇರ ಗೇಜ್, ನಿಮ್ಮ ಕ್ಯಾಲಿಬರಿನ ಮಾಡಿಫೈಡ್ ಕೇಸ್, ಕಂಪ್ಯಾರೇಟರ್ ಮತ್ತು ಅದೇ ಕ್ಯಾಲಿಬರಿನ ಇನ್ಸರ್ಟ್. ಹತ್ತಿರದ ಹಾರ್ಡ್‌ವೇರ್ ಅಂಗಡಿಯಿಂದ ನಳಿಗೆಗೆ ಸಲೀಸಾಗಿ ಇಳಿಯುವ ಮರದ ಕೋಲೊಂದನ್ನೂ ತನ್ನಿ. 6.5ಕ್ಕೆ ಕಾಲು ಇಂಚಿನ ಕೋಲು ಬಿಗಿಯಾಗುತ್ತದೆ, 3/16 ಇಂಚಿನದು ಸರಿ.